ದಾನಿಯ ದೇಹಕ್ಕೆ ನೀರಿನ ಅಳತೆ

ಕೊಟ್ಟ ವಸ್ತುವು ಕೆಡದೆ ಕೊಳ್ಳುವವನನ್ನು ಸೇರುವುದೂ ದಾನದ ಅಂಗವೇ ಆಗಿದೆ. ಈ ಮಾತು ಅವಯವದಾನದಲ್ಲಿ ನಿಜವಾಗುವಷ್ಟು ಬೇರೆಲ್ಲಿಯೂ ಆಗದು.

ಉಡುಪಿ, ಕಾಪು, ಕಾರ್ಕಳಗಳ ಕಡೆ ತಲೆಗೆ ಭಾರಿ ಪೆಟ್ಟಾದವರನ್ನು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಒಯ್ಯುವುದುಂಟು. ಅಂಥವರಲ್ಲೊಬ್ಬನ ಮೆದುಳು ಸತ್ತಿತೆಂದು, 1994ರ ಅವಯವ ಕಸಿ ಕಾನೂನಿನ ನಿಯಮದಂತೆ ನಾಲ್ವರು ವೈದ್ಯರು ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ನಿಶ್ಚಯಿಸಬೇಕು. ಬಂಧುಗಳು ಒಪ್ಪಿದರೆ, ರಾಜ್ಯದ ಜೀವಸಾರ್ಥಕತೆ ಸಂಸ್ಥೆಯು ಅವಯವಗಳನ್ನು ಸರದಿಯಂತೆ ಹಂಚುವುದು. ಒಪ್ಪಿಗೆಗೂ ಶಸ್ತ್ರಕ್ರಿಯೆಗೂ ನಡುವಣ ಹೊತ್ತಿನಲ್ಲಿ ಆ ದೇಹವನ್ನು ಯಾರ ಹಿತಕ್ಕಾಗಿ ಉಪಚರಿಸಬೇಕು?

ಮೆದುಳು ಸತ್ತಾಗ ದೇಹದ ನೀರನ್ನು ಹಿಡಿದಿಡುವ ಹಾರ್ಮೋನು ಬಹುಮಟ್ಟಿಗೆ ನಿಂತು, ಮೂತ್ರವು ಮಿತಿಮೀರಿ ಹರಿಯುವುದು; ರಕ್ತದ ಒತ್ತಡವು ಕುಸಿಯುವುದು. ಮೂತ್ರಪಿಂಡಗಳನ್ನು ಉಳಿಸಲು ರಕ್ತನಾಳಕ್ಕೆ ದ್ರವವನ್ನು ಧಾರಾಳವಾಗಿ ಕೊಡುವುದು ಹಳೆಯ ಪದ್ಧತಿ. ಆದರೆ ಮೆದುಳಿನ ಆಘಾತದಿಂದ ಶ್ವಾಸಕೋಶವು ಮೊದಲೇ ಬಳಲಿರುವುದು; ಹೆಚ್ಚಿನ ದ್ರವವು ಅದರ ಗಾಳಿಚೀಲಗಳೊಳಗೆ ಒಸರಿ ಅದನ್ನು ಕಸಿಗೆ ಅಯೋಗ್ಯವಾಗಿಸುವುದು. ಬೆಟ್ಟುಗದ್ದೆಗೆ ಸಾಲದ ನೀರೇ ಬೈಲುಗದ್ದೆಯ ಪೈರನ್ನು ಕೊಳೆಯಿಸುವುದೆಂಬುದನ್ನು ತುಳುನಾಡಿನ ಬೇಸಾಯಗಾರನು ಬಲ್ಲನು.

ಹಾಗಾದರೆ ಒಬ್ಬ ರೋಗಿಯ ಉಸಿರಿಗಾಗಿ ಇನ್ನೊಬ್ಬನ ಮೂತ್ರಪಿಂಡವನ್ನು ಒಣಗಿಸುವುದು ನ್ಯಾಯವೇ? ದ್ರವವನ್ನು ಮಿತಗೊಳಿಸಿ, ವಾಸೊಪ್ರೆಸಿನ್ ಮೊದಲಾದ ಔಷಧಗಳಿಂದ ಒತ್ತಡವನ್ನು ಕಾಪಾಡಿ, ಯಂತ್ರದಿಂದ ಹಿತಮಿತವಾದ ಉಸಿರನ್ನು ಕೊಟ್ಟರೆ, ಇಂಥ ಆಯ್ಕೆಯೇ ಬಹುಮಟ್ಟಿಗೆ ಬೇಕಾಗದು. ಈ ಮಿತಿಯಿಂದ ಕಸಿಯಾದ ಮೂತ್ರಪಿಂಡಗಳಿಗೆ ಹಾನಿಯಾಗಲಿಲ್ಲವೆಂದು ಸ್ಪೇನಿನ ವೈದ್ಯರು 2010ರಲ್ಲಿ ಪ್ರಕಟಿಸಿದರು. ಆದರೆ ಅದಕ್ಕೆ ಗಂಟೆಗಂಟೆಗೂ ಅಳೆಯುವ ಎಚ್ಚರವು ಬೇಕು. ಧಾರಾಳವು ಯಾವಾಗಲೂ ಔದಾರ್ಯವಲ್ಲ. ಕೆಲವೊಮ್ಮೆ ಅದು ಅಳೆಯಲೊಲ್ಲದ ಆಲಸ್ಯವು.

ಸತ್ತವನನ್ನು ಬರಿಯ ಪಾತ್ರೆಯಂತೆ ಬಳಸಿದಂತಾಗಲಿಲ್ಲವೇ ಎಂಬ ಆಕ್ಷೇಪವು ಉಳಿಯುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಆ ಆಕ್ಷೇಪವು ಸರಿಯೇ. ಒಪ್ಪಿಗೆಯಿದ್ದಲ್ಲಿ ಆ ದೇಹವು ದಾನಿಯ ದೇಹ. ಕರುಳು ಹಿಂಡುವ ದುಃಖದ ನಡುವೆ ಮನೆಯವರು ಇಷ್ಟನ್ನು ಕೊಟ್ಟೆವು, ಇಷ್ಟನ್ನು ಬಿಟ್ಟೆವು ಎಂದು ಲೆಕ್ಕವಿಡದಿರುವಾಗ, ಕೊಟ್ಟದ್ದರಲ್ಲಿ ಒಂದನ್ನು ಅಜಾಗ್ರತೆಯಿಂದ ಕೆಡಿಸುವುದು ಆ ದುಃಖಕ್ಕೆ ಮಾಡುವ ಅಪಚಾರ. ಅಲ್ಲಿ ರಾತ್ರಿಯಿಡೀ ಎಚ್ಚರಿದ್ದು ಹನಿಗಳನ್ನು ಎಣಿಸುವ ದಾದಿಯ ಸೇವೆಗೆ ಆ ಹಾಸಿಗೆಯಿಂದ ಕೃತಜ್ಞತೆಯ ಒಂದು ಮಾತೂ ಬಾರದು. ಸತ್ತವನ ಕೊನೆಯ ಮಾತನ್ನು ನಡೆಯಿಸುವ ಕೆಲಸವು ಎಂದೂ ಇಂಥದೇ ಅಲ್ಲವೇ?