ಬಾಡಿಗೆಯ ರಸೀದಿಯೂ ಸದಾಚಾರವೂ

ಪಂಚಾಚಾರಗಳಲ್ಲಿ ಸದಾಚಾರವೆಂಬುದು ಸತ್ಯಶುದ್ಧ ಕಾಯಕದಿಂದ ದ್ರವ್ಯವನ್ನು ಗಳಿಸಿ ಸನ್ಮಾರ್ಗದಲ್ಲಿ ವಿನಿಯೋಗಿಸುವ ನಡೆಯಾಗಿದೆ. ಗಳಿಕೆಯು ಶುದ್ಧವಾಗಿದ್ದ ಮೇಲೆ ಲೆಕ್ಕದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟೇಕೆ ಎಂದು ಕೇಳುವ ಭಕ್ತರು ಇಲ್ಲದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರವನ್ನು ನಿರ್ವಹಿಸಿದ ಬಸವಣ್ಣನವರ ಪರಂಪರೆಯಲ್ಲಿ ಈ ಪ್ರಶ್ನೆಗೆ ಎಡೆಯೇ ಇರಬಾರದಾಗಿತ್ತು. ಭಂಡಾರಿಗೆ ಕೈಯ ಶುದ್ಧಿಯಷ್ಟೇ ಕಡತದ ಶುದ್ಧಿಯೂ ಬೇಕು. ಆದಾಗ್ಯೂ ಈಚೆಗೆ ಸಂಬಳದಾರರ ಮನೆಗಳಲ್ಲಿ, ಅದರಲ್ಲಿಯೂ ವರ್ಷಾಂತ್ಯದ ತಿಂಗಳುಗಳಲ್ಲಿ, ಮನೆಬಾಡಿಗೆಯ ರಸೀದಿಯ ನೆಪದಿಂದ ಈ ಪ್ರಶ್ನೆಯು ಮರಳಿ ಮರಳಿ ಏಳುತ್ತಿರುವುದರಿಂದ ಅದನ್ನು ವಿಚಾರಿಸುವುದು ಅವಶ್ಯವಾಗಿದೆ.

ಹುಬ್ಬಳ್ಳಿಯಲ್ಲಿ ಬಾಡಿಗೆಯ ಮನೆಯಲ್ಲಿ ವಾಸಿಸುವ ಒಬ್ಬ ಅಧ್ಯಾಪಕನಿದ್ದಾನೆ ಎಂದು ಭಾವಿಸೋಣ. ಮೂಲವೇತನವು ತಿಂಗಳಿಗೆ 60,000 ರೂಪಾಯಿ, ಮನೆಬಾಡಿಗೆ ಭತ್ಯೆ 18,000. ಪ್ರತಿ ತಿಂಗಳೂ 15,000 ರೂಪಾಯಿ ಬಾಡಿಗೆಯನ್ನು ಮಾಲೀಕರ ಕೈಯಲ್ಲಿ ನಗದಾಗಿ ಇಡುತ್ತಾನೆ. ರಸೀದಿಯನ್ನು ಬೇಡಿದರೆ ವೃದ್ಧ ಮಾಲೀಕರು, "ಚೀಟಿ ಗೀಟಿ ಕೊಡೋದಿಲ್ಲ ಮಾಸ್ತರ್ರೆ, ಬೇಕಾದ್ರ ಬ್ಯಾರೆ ಮನಿ ನೋಡ್ಕೋರಿ" ಎನ್ನುತ್ತಾರೆ. ಸಹೋದ್ಯೋಗಿಗಳ ಸಲಹೆಯು ಸುಲಭವಾದದ್ದು: ಅಂಗಡಿಯಿಂದ ರಸೀದಿ ಪುಸ್ತಕವೊಂದನ್ನು ತಂದು, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ, ಮಾಲೀಕರ ಹೆಸರಿನಲ್ಲಿ ತಾನೇ ಸಹಿ ಹಾಕಿಬಿಡುವುದು. ಬಾಡಿಗೆ ಕೊಟ್ಟದ್ದು ಸುಳ್ಳಲ್ಲವಲ್ಲ ಎಂಬುದು ಅವರ ಸಮಾಧಾನ.

ಈ ಸಮಾಧಾನದಲ್ಲಿಯೇ ದೋಷವಿದೆ. ತೀರ್ಥವು ಎಷ್ಟೇ ನಿರ್ಮಲವಾಗಿರಲಿ, ಕಳವಿನ ಗಿಂಡಿಯಲ್ಲಿ ತಂದರೆ ಗಿಂಡಿಯ ಕಳವು ಕಳವೇ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಬಾಡಿಗೆ ಸಂದಾಯವು ಪ್ರಮೇಯ. ರಸೀದಿಯು ಅದನ್ನು ತಿಳಿಸುವ ಪ್ರಮಾಣಗಳಲ್ಲಿ ಒಂದು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ಊಹಿಸುವಂತೆ ಅಧಿಕಾರಿಯು ರಸೀದಿಯನ್ನು ಕಂಡು ಬಾಡಿಗೆಯನ್ನು ಊಹಿಸುತ್ತಾನೆ. ಆದರೆ ನೈಯಾಯಿಕರು ಕಾದ ಕಬ್ಬಿಣದ ಗುಂಡನ್ನೂ ಉದಾಹರಿಸುತ್ತಾರೆ. ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ರಸೀದಿಯಿಲ್ಲದ ನಿಜವಾದ ಬಾಡಿಗೆಯು ಅಂತಹ ಅಯೋಗೋಲಕ. ಅದಕ್ಕೆ ಕೃತಕವಾದ ಹೊಗೆಯನ್ನು ಸೃಷ್ಟಿಸುವ ಗೋಜೇಕೆ? ಬೆಂಕಿಯನ್ನು ಅರಿಯಲು ಮುಟ್ಟಿ ನೋಡುವ ಮಾರ್ಗವೂ ಇದೆಯಷ್ಟೆ.

ಆ ಮಾರ್ಗಗಳು ಯಾವುವು ಎಂಬುದನ್ನು ಭಕ್ತರು ತಿಳಿದಿರಬೇಕು. ಭತ್ಯೆಯ ವಿನಾಯತಿಯು ಬಾಡಿಗೆಯನ್ನು ವಾಸ್ತವವಾಗಿ ಕೊಟ್ಟವನಿಗೆ ಸಲ್ಲುತ್ತದೆ; ಸ್ವಂತ ಮನೆಯಲ್ಲಿರುವವನಿಗೆ ಸಲ್ಲದು. ಬ್ಯಾಂಕಿನ ಮೂಲಕ ಸಂದ ಹಣದ ದಾಖಲೆ, ಬಾಡಿಗೆಯ ಕರಾರುಪತ್ರ, ಆ ವಿಳಾಸಕ್ಕೆ ಬಂದ ವಿದ್ಯುತ್ತಿನ ಬಿಲ್ಲು, ತಿಂಗಳು ತಿಂಗಳೂ ಹಣ ತೆಗೆದ ಪಾಸ್‌ಬುಕ್ಕು, ಇವೆಲ್ಲವೂ ಕೂಡಿ ಸಾಕ್ಷ್ಯವಾಗಬಲ್ಲವು. ಕಚೇರಿಯವರು ರಸೀದಿಯಿಲ್ಲದೆ ವಿನಾಯತಿ ಕೊಡದಿದ್ದರೂ ಉದ್ಯೋಗಿಯು ತನ್ನ ಆದಾಯದ ವಿವರಣಪತ್ರದಲ್ಲಿ ಅದನ್ನು ಕೇಳಬಹುದು. ಕೇಳಿದ ಮೇಲೆ ಸಾಕ್ಷ್ಯದ ಹೊಣೆ ಅವನದೇ. ವರ್ಷದ ಬಾಡಿಗೆ ಒಂದು ಲಕ್ಷವನ್ನು ಮೀರಿದರೆ ಕಚೇರಿಗೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು ತಿಳಿಸಬೇಕು. (2020ರಲ್ಲಿ ಬಂದ ಹೊಸ ಕರಪದ್ಧತಿಯನ್ನು ಅನುಸರಿಸುವವರಿಗೆ ಈ ವಿನಾಯತಿಯೇ ಇಲ್ಲ, ಅವರು ಈ ಸಂಕಟದಿಂದ ಪಾರಾದರು.)

ನಗದನ್ನೇ ನೆಚ್ಚುವವರು 2017ರಲ್ಲಿ ಮುಂಬಯಿಯ ಆದಾಯಕರ ಮೇಲ್ಮನವಿ ನ್ಯಾಯಾಧಿಕರಣವು ಇತ್ತ ತೀರ್ಪೊಂದನ್ನು ಮರೆಯಬಾರದು. ಮಗಳೊಬ್ಬಳು ತಾಯಿಗೆ ನಗದಾಗಿ ಬಾಡಿಗೆ ಕೊಟ್ಟೆನೆಂದು ರಸೀದಿಗಳನ್ನು ಹಾಜರುಪಡಿಸಿದ್ದಳು. ಬ್ಯಾಂಕಿನ ದಾಖಲೆಯಾಗಲಿ ಕರಾರುಪತ್ರವಾಗಲಿ ಇರಲಿಲ್ಲ. ಬೇಡಿಕೆಯು ತಿರಸ್ಕೃತವಾಯಿತು. ಹೆತ್ತವರಿಗೆ ಬಾಡಿಗೆ ಕೊಡಬಾರದೆಂದು ಇದರ ತಾತ್ಪರ್ಯವಲ್ಲ. ಕೊಡುವುದು ನಿಜವಾಗಿರಬೇಕು, ಅವರ ಆದಾಯದಲ್ಲಿಯೂ ಅದು ಕಾಣಬೇಕು. ಹೊಗೆಯ ರಾಶಿಯೇ ಇದ್ದರೂ ಬೆಂಕಿಯು ಸಿದ್ಧವಾಗಲಿಲ್ಲವೆಂಬುದು ಇಲ್ಲಿ ಸ್ವಾರಸ್ಯ.

ಇನ್ನು ಮಾಲೀಕರ ವಿಷಯ. ರಸೀದಿಯನ್ನು ನಿರಾಕರಿಸುವವರೆಲ್ಲರೂ ಲೋಭಿಗಳೆಂದು ಹಳಿಯುವುದು ಸರಿಯಲ್ಲ. ಬಹುಮಂದಿಯನ್ನು ಆಳುವುದು ಭಯ. ಹುಬ್ಬಳ್ಳಿಯ ಆ ವೃದ್ಧರನ್ನೇ ನೋಡಿ. ವರ್ಷಕ್ಕೆ ಬರುವ ಬಾಡಿಗೆ 1,80,000. ಅದರಿಂದ ಪೌರಸಭೆಯ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ 30ರಷ್ಟನ್ನು ಕಾನೂನೇ ಬಿಟ್ಟುಕೊಡುತ್ತದೆ. ಉಳಿಯುವ ಗಣನೀಯ ಆದಾಯ 1,26,000ಕ್ಕಿಂತ ಮೇಲಿರದು. ಬೇರೆ ವರಮಾನವಿಲ್ಲದವರಾದರೆ ಅವರು ತೆರಬೇಕಾದ ಕರವು ಸೊನ್ನೆ! ಇಲ್ಲದ ಕರಕ್ಕೆ ಅಂಜಿ ಬಾಡಿಗೆದಾರನನ್ನು ಸುಳ್ಳಿನ ಅಂಚಿಗೆ ತಳ್ಳುತ್ತಿದ್ದಾರೆ. ಅಧ್ಯಾಪಕನು ಸಂಜೆಯೊಂದು ಅವರ ಜಗುಲಿಯ ಮೇಲೆ ಕುಳಿತು, "ಯಜಮಾನ್ರ, ಈ ಲೆಕ್ಕಾ ಒಮ್ಮೆ ನೋಡ್ರಿ" ಎಂದು ವಿನಯದಿಂದ ತೋರಿಸಬೇಕು. ಅನ್ಯಾಯವನ್ನು ಸಹಿಸದಿರುವುದು ಗಣಾಚಾರವೆಂದು ಬಲ್ಲವರು ಕೆಲವರು ಜಗಳವನ್ನೇ ಗಣಾಚಾರವೆಂದು ಭ್ರಮಿಸುತ್ತಾರೆ. ತಿಳಿಯಹೇಳುವ ತಾಳ್ಮೆಯೂ ಅದರಲ್ಲಿ ಅಡಗಿದೆ. ಹಾಗೂ ಒಪ್ಪದಿದ್ದರೆ, ಬಾಡಿಗೆಯನ್ನು ಮುಂದಿನ ತಿಂಗಳಿನಿಂದ ಬ್ಯಾಂಕಿನ ಮೂಲಕವೇ ಸಲ್ಲಿಸುವುದಕ್ಕಾದರೂ ಒಪ್ಪಿಸಬೇಕು. ಅದಕ್ಕೂ ಒಪ್ಪದಲ್ಲಿ, ಸಾಕ್ಷ್ಯಕ್ಕೆ ನಿಲ್ಲದ ವಿನಾಯತಿಯನ್ನು ಬಿಟ್ಟುಕೊಡುವುದೇ ಲೇಸು. ನಷ್ಟವು ನಿಜವಾದದ್ದೆ, ಅದನ್ನು ಅಲ್ಲಗಳೆಯಲಾಗದು.

ಸುಳ್ಳು ಸಹಿಗೆ ಪಳಗಿದ ಕೈ ಅಲ್ಲಿಗೇ ನಿಲ್ಲುವುದಿಲ್ಲವೆಂಬುದು ಮತ್ತೊಂದು ಅಪಾಯ. ಹುಬ್ಬಳ್ಳಿಯಂತಹ ಊರಿನಲ್ಲಿ ಮೂರು ಮೊತ್ತಗಳಲ್ಲಿ ಕಡಿಮೆಯಾದುದಕ್ಕೆ ವಿನಾಯತಿ: ಪಡೆದ ಭತ್ಯೆ, ವೇತನದ ನೂರಕ್ಕೆ 40, ಹಾಗೂ ಬಾಡಿಗೆಯಿಂದ ವೇತನದ ಹತ್ತನೆಯ ಒಂದು ಪಾಲನ್ನು ಕಳೆದ ಮೊತ್ತ. ಅಧ್ಯಾಪಕನಿಗೆ ಅವು ಕ್ರಮವಾಗಿ 2,16,000, 2,88,000 ಮತ್ತು 1,08,000. ಸಲ್ಲತಕ್ಕದ್ದು 1,08,000. ತಾನೇ ಬರೆಯುವ ರಸೀದಿಯಲ್ಲಿ 15,000 ಎಂಬಲ್ಲಿ 25,000 ಎಂದು ಬರೆದರೆ ವಿನಾಯತಿಯು 2,16,000ಕ್ಕೆ ಏರಿ ಇಮ್ಮಡಿಯಾಗುತ್ತದೆ! ಲೇಖನಿಯು ಹೆಚ್ಚೇನೂ ಶ್ರಮಪಡಬೇಕಾಗಿಲ್ಲ. ನೂರಕ್ಕೆ 20ರ ದರದಲ್ಲಿ ಉಪಕರವೂ ಸೇರಿ ಉಳಿಯುವ ಕರ 22,464 ರೂಪಾಯಿ. ಸಿಕ್ಕಿಬಿದ್ದರೆ ಆ ಕರ, ಅದರ ಬಡ್ಡಿ, ಮೇಲೆ ತಪ್ಪು ವರದಿಗಾಗಿ ಕರದ ಇಮ್ಮಡಿ ದಂಡ.

ಆಯ್ದಕ್ಕಿ ಮಾರಯ್ಯನ ವೃತ್ತಾಂತವು ಶರಣಲೋಕಕ್ಕೆ ಸುವಿದಿತ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಲೆಗೆ ಏರಿಸದೆ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿಯನ್ನು ಅವನು ಕದ್ದಿರಲಿಲ್ಲ, ಯಾರ ಸಹಿಯನ್ನೂ ಮಾಡಿರಲಿಲ್ಲ, ಕೇಳುವವರೂ ಇರಲಿಲ್ಲ. ಆದರೂ ಲಕ್ಕಮ್ಮನಿಗೆ ಅಳತೆ ಗೊತ್ತಿತ್ತು. ಮನೆಯ ಲೆಕ್ಕವನ್ನು ಗೃಹಿಣಿಯರು ಇಂದಿಗೂ ಗಂಡಸರಿಗಿಂತ ಚೆನ್ನಾಗಿ ಬಲ್ಲರು. ವಿವರಣಪತ್ರವನ್ನು ಸಲ್ಲಿಸುವ ಮುನ್ನ ಮನೆಯಾಕೆಗೆ ಓದಿ ಹೇಳುವ ರೂಢಿಯನ್ನು ಭಕ್ತರು ಇಟ್ಟುಕೊಂಡರೆ ಎಷ್ಟೋ ರಸೀದಿಗಳು ಹುಟ್ಟುವುದೇ ಇಲ್ಲ.

ಈಗಾಗಲೇ ಹೆಚ್ಚು ಕೇಳಿಬಿಟ್ಟವರಿಗೂ ಹಿಂದಿರುಗಿಸುವ ದಾರಿಯುಂಟು. ಪರಿಷ್ಕೃತ ವಿವರಣಪತ್ರದ ಗಡುವು ಕಳೆದ ಮೇಲೆಯೂ, 2022ರಲ್ಲಿ ಏರ್ಪಟ್ಟ ಕ್ರಮದಂತೆ ನವೀಕೃತ ವಿವರಣಪತ್ರವನ್ನು ಸಲ್ಲಿಸಬಹುದು. 2025ರಲ್ಲಿ ಅದರ ಅವಧಿಯನ್ನು 24 ತಿಂಗಳಿನಿಂದ 48 ತಿಂಗಳಿಗೆ ಹೆಚ್ಚಿಸಲಾಯಿತು. ಬಾಕಿ ಕರ ಮತ್ತು ಬಡ್ಡಿಯ ಮೇಲೆ ಮೊದಲನೆಯ ವರ್ಷದಲ್ಲಿ ನೂರಕ್ಕೆ 25, ಎರಡನೆಯದರಲ್ಲಿ 50, ಮೂರನೆಯದರಲ್ಲಿ 60, ನಾಲ್ಕನೆಯದರಲ್ಲಿ 70ರಷ್ಟು ಅಧಿಕವಾಗಿ ತೆರಬೇಕು. ಹೆಚ್ಚಿನ ಅಕ್ಕಿಯನ್ನು ಲಕ್ಕಮ್ಮನು ಅದೇ ದಿನವೇ ಹಿಂದಕ್ಕೆ ಕಳುಹಿಸಿದ್ದಳು.