ಹೆಸರಿಲ್ಲದ ಶ್ರೀಮಂತ

ಹೊರನಾಡಿನಲ್ಲಿರುವ ನಮ್ಮಲ್ಲಿ ಹೊಸ ಪರಿಚಯವಾದರೆ ಹೆಸರು ಕೇಳಿದ ಬೆನ್ನಿಗೇ ಎಲ್ಲಿ ಕೆಲಸ, ಸ್ವಂತ ಮನೆಯೋ ಬಾಡಿಗೆಯೋ ಎಂಬ ವಿಚಾರಣೆ ಶುರುವಾಗುತ್ತದೆ. ಆಮೇಲೆ ಹೆಸರು ಮರೆತರೂ ಅವರ ಮನೆ ಯಾವ ಬಡಾವಣೆಯಲ್ಲಿದೆ ಎಂಬುದು ನೆನಪಿರುತ್ತದೆ. ಈ ಅಭ್ಯಾಸ ನನಗೂ ಅಂಟಿದೆ. ಅದಕ್ಕೇ ಲೂಕನ ಸುವಾರ್ತೆಯ 16ನೇ ಅಧ್ಯಾಯ ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ.

ಅಲ್ಲಿ ಯೇಸುಸ್ವಾಮಿ ಹೇಳುವ ಸಾಮತಿಯಲ್ಲಿ ಒಬ್ಬ ಶ್ರೀಮಂತ. ಬೆಲೆಬಾಳುವ ಕೆನ್ನೇರಳೆ ಉಡುಪು, ನಯವಾದ ನಾರುಮಡಿ, ದಿನವೂ ಹಬ್ಬದೂಟ. ಅವನ ಮನೆಬಾಗಿಲಲ್ಲಿ ಮೈತುಂಬ ಹುಣ್ಣಾಗಿ ಬಿದ್ದಿರುವ ಭಿಕ್ಷುಕ. ಭಿಕ್ಷುಕನಿಗೆ ಹೆಸರಿದೆ: ಲಾಜರ, ಅಂದರೆ ದೇವರೇ ನೆರವಾದವನು. ಯೇಸು ಸಾಮತಿಗಳಿಗಾಗಿ ಕಟ್ಟಿದ ಪಾತ್ರಗಳಲ್ಲಿ ಹೆಸರು ಪಡೆದವನು ಇವನೊಬ್ಬನೇ. ಶ್ರೀಮಂತನಿಗೆ ಹೆಸರಿಲ್ಲ. ಮುಂದೆ ಲ್ಯಾಟಿನ್ ಬೈಬಲ್ ಓದಿದವರು ಅವನನ್ನು ‘ದೀವೆಸ್’ ಎಂದು ಕರೆದರು. ಅದೂ ಹೆಸರಲ್ಲ, ಲ್ಯಾಟಿನ್ನಿನಲ್ಲಿ ಅದಕ್ಕೆ ಶ್ರೀಮಂತ ಎಂದಷ್ಟೇ ಅರ್ಥ. ಆಸ್ತಿಯನ್ನು ತೆಗೆದಿಟ್ಟರೆ ಅವನನ್ನು ಕೂಗಿ ಕರೆಯಲು ಒಂದು ಪದವೂ ಉಳಿಯುವುದಿಲ್ಲ.

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಬರುವ ಇನ್ನೊಬ್ಬ ಶ್ರೀಮಂತನೂ ಅನಾಮಿಕನೇ. ಚಿಕ್ಕಂದಿನಿಂದ ಎಲ್ಲ ಆಜ್ಞೆಗಳನ್ನೂ ಪಾಲಿಸಿದವನು, ಯೇಸು ಪ್ರೀತಿಯಿಂದ ದಿಟ್ಟಿಸಿ ನೋಡಿದವನು. ಇರುವುದನ್ನು ಮಾರಿ ಬಡವರಿಗೆ ಕೊಟ್ಟು ಬಾ ಎಂದಾಗ ಮುಖ ಬಾಡಿಸಿಕೊಂಡು ಹೊರಟುಹೋದ. ಸುವಾರ್ತೆಗಳಲ್ಲಿ ಹೆಸರಿಲ್ಲದವರು ಇನ್ನೂ ಅನೇಕರಿದ್ದಾರೆ, ನಿಜ. ಆದರೆ ಇವನ ಬಗ್ಗೆ ಮಾರ್ಕ ಕೊನೆಗೆ ಹೇಳುವುದು, ಅವನಿಗೆ ಬಹಳ ಆಸ್ತಿಯಿತ್ತು ಎಂಬುದನ್ನೇ.

ಹಾಗೆಂದು ಹಣವೇ ಪಾಪವೆನ್ನುವುದು ಸುವಾರ್ತೆಗೆ ಮಾಡುವ ಅನ್ಯಾಯ. ಲೂಕನ 19ನೇ ಅಧ್ಯಾಯದ ಜಕ್ಕಾಯನನ್ನು ನೋಡಿ. ಯೆರಿಕೋ ಊರಿನಲ್ಲಿ ಸುಂಕದವರ ಮುಖ್ಯಸ್ಥ, ಐಶ್ವರ್ಯವಂತ, ಜನರ ಬಾಯಲ್ಲಿ ಪಾಪಿ. ಕುಳ್ಳನಾದ್ದರಿಂದ ಯೇಸುವನ್ನು ನೋಡಲು ಮರ ಹತ್ತಿ ಕೂತಿದ್ದ. ಯೇಸು ಮರದ ಕೆಳಗೆ ನಿಂತು ಅವನನ್ನು ಹೆಸರು ಹಿಡಿದು ಕರೆದರು. ಇಳಿದು ಬಾ, ಈ ದಿನ ನಿನ್ನ ಮನೆಯಲ್ಲೇ ಇರಬೇಕು ಎಂದರು. ಹಣದ ಮಾತನ್ನೇ ಎತ್ತಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಎಂದು ಜಕ್ಕಾಯ ತಾನಾಗಿಯೇ ಹೇಳಿದ. ಹೆಸರು ಹಿಡಿದು ಕರೆದದ್ದು ಮೊದಲು, ಕೊಟ್ಟದ್ದು ಆಮೇಲೆ. ತನ್ನನ್ನು ಹೆಸರಿನಿಂದಲೇ ಬಲ್ಲ ಒಬ್ಬನಿದ್ದಾನೆಂದು ತಿಳಿದ ಮೇಲೆ ಗಂಟಿನ ಮೇಲಿನ ಹಿಡಿತ ಸಡಿಲವಾಯಿತು.

ಈ ಮೂರು ಅಧ್ಯಾಯಗಳನ್ನು ಒಂದೇ ಸಲ ಕೂತು ಓದಿ. ಕನ್ನಡದಲ್ಲೇ ಓದಿ. ಬಳ್ಳಾರಿಯಲ್ಲಿ ನೆಲೆಸಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರಲ್ಲೇ ಇಡೀ ಬೈಬಲ್ ನಮ್ಮ ಭಾಷೆಗೆ ಬಂದಿದೆ.