ತಂಗಿಗೆ ಕೊಡಿಸಿದ ಮನೆ: ಸಂಕಲ್ಪ ಯಾರ ಹೆಸರಿನಲ್ಲಿ?

ಪ್ರಶ್ನೆ: ಗಂಡ ತೀರಿಕೊಂಡ ಮೇಲೆ ನನ್ನ ತಂಗಿ ಮಗನೊಂದಿಗೆ ಬಾಡಿಗೆ ಮನೆಯಲ್ಲಿದ್ದಾಳೆ. ಅವಳಿಗೆಂದು ಕೆಂಗೇರಿಯಲ್ಲಿ ಒಂದು ಫ್ಲ್ಯಾಟ್ ಕೊಳ್ಳುತ್ತಿದ್ದೇನೆ. ಪತ್ರ ಸದ್ಯಕ್ಕೆ ನನ್ನ ಹೆಸರಿನಲ್ಲೇ ಇರಲಿ ಎಂದು ಮನೆಯವರ ಅಭಿಪ್ರಾಯ. ಹಿಂದೆ ತಂದೆಯವರ ಮನೆ ಮಾರಿದಾಗ ತಂಗಿ ಏನೂ ಕೇಳದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಳು. ವೈಶಾಖದಲ್ಲಿ ಗೃಹಪ್ರವೇಶ. ಪೂಜೆಗೆ ಯಾರು ಕೂರಬೇಕು? ಅವಳು ಹಾಲು ಉಕ್ಕಿಸಬಹುದೇ? ಇದರಿಂದ ಗೃಹದಾನದ ಫಲ ಬರುತ್ತದೆಯೇ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಮೊದಲು ಸುಲಭದ್ದು. ನಿಮ್ಮ ತಂಗಿ ಧಾರಾಳವಾಗಿ ಹಾಲು ಉಕ್ಕಿಸಬಹುದು. ಆ ಒಲೆಯ ಮುಂದೆ ದಿನಾ ನಿಲ್ಲುವವಳು ಅವಳೇ ತಾನೆ? ಮೊದಲ ದಿನ ಮಾತ್ರ ಬೇರೆಯವರು ಬಂದು ಹಚ್ಚಬೇಕು ಅನ್ನೋದರಲ್ಲಿ ಅರ್ಥವಿಲ್ಲ. ಅವಳ ಮಗನಿಗೆ ಉಪನಯನ ಆಗಿದ್ದರೆ ವಾಸ್ತುಹೋಮಕ್ಕೆ ಅವನೇ ಕೂರಲಿ. ದಂಪತಿಗಳೇ ಬೇಕು ಎಂದು ನಿಮ್ಮ ಪುರೋಹಿತರು ಹೇಳಿದರೆ ನೀವಿಬ್ಬರೂ ಕೂರಿ, ಆದರೆ ಸಂಕಲ್ಪದಲ್ಲಿ ಅವಳ ಹೆಸರು, ಅವಳ ಗೋತ್ರ ಬರಲಿ. ಮದುವೆಯಾದ ಮೇಲೆ ಅವಳದು ಗಂಡನ ಗೋತ್ರ, ನಿಮ್ಮದಲ್ಲ. ಎಷ್ಟೋ ಮನೆಗಳಲ್ಲಿ ಇದನ್ನು ಮರೆತು ಅಣ್ಣನ ಗೋತ್ರವನ್ನೇ ಹೇಳಿಬಿಡುತ್ತಾರೆ.

ಕಷ್ಟ ಇರುವುದು ಕೊನೆಯ ಪ್ರಶ್ನೆಯಲ್ಲಿ. ನಮ್ಮ ಧರ್ಮಶಾಸ್ತ್ರಕಾರರು ದಾನಕ್ಕೆ ಎರಡು ಅಂಗ ಹೇಳಿದ್ದಾರೆ: ವಸ್ತುವಿನ ಮೇಲೆ ಕೊಡುವವನ ಒಡೆತನ ಹೋಗಬೇಕು, ಪಡೆಯುವವರ ಒಡೆತನ ಹುಟ್ಟಬೇಕು. ಧಾರೆ ಎರೆದು ‘ನ ಮಮ’ ಅನ್ನೋದು ಅದಕ್ಕೇ. ಪತ್ರ ನಿಮ್ಮ ಹೆಸರಿನಲ್ಲಿ ಉಳಿದರೆ ಮನೆ ನಿಮ್ಮದೇ, ತಂಗಿ ಅಲ್ಲಿ ಇರುತ್ತಾಳೆ ಅಷ್ಟೆ. ಅದು ಆಶ್ರಯ. ಆಶ್ರಯ ಕೊಡುವುದೂ ದೊಡ್ಡ ಕೆಲಸವೇ, ಕಡಿಮೆಯೇನಲ್ಲ. ಆದರೆ ಅದನ್ನು ಗೃಹದಾನ ಎಂದು ಸಂಕಲ್ಪ ಮಾಡಿದರೆ ದೇವರ ಮುಂದೆ ಒಂದು ಮಾತು, ಸಬ್ ರಿಜಿಸ್ಟ್ರಾರ್ ಮುಂದೆ ಇನ್ನೊಂದು ಮಾತು ಆಡಿದ ಹಾಗಾಗುತ್ತದೆ.

ಕೊಡುವುದಾದರೆ ಪೂರ್ತಿ ಕೊಡಿ. ಸೋದರ ಕೊಟ್ಟದ್ದು ಸ್ತ್ರೀಧನ ಎಂದು ಯಾಜ್ಞವಲ್ಕ್ಯ ಸ್ಮೃತಿ ಸ್ಪಷ್ಟವಾಗಿಯೇ ಹೇಳುತ್ತದೆ. ಅದಕ್ಕೆ ನಮ್ಮ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರ ಸ್ತ್ರೀಧನದ ಅರ್ಥವನ್ನು ಇನ್ನೂ ಹಿಗ್ಗಿಸಿದ. ಈಗಿನ ಕಾನೂನೂ ದಾನದ ವಿಷಯದಲ್ಲಿ ಬಹಳ ದೂರ ಹೋಗಿಲ್ಲ ನೋಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ ಬೇಕು, ಕನಿಷ್ಠ 2 ಸಾಕ್ಷಿಗಳು ಬೇಕು, ಕೊಡುವವರು ಬದುಕಿರುವಾಗಲೇ ಪಡೆಯುವವರು ಸ್ವೀಕರಿಸಬೇಕು. ಪ್ರತಿಗ್ರಹ ಅಂದರೆ ಇದೇ ಅಲ್ಲವೇ? ಒಡಹುಟ್ಟಿದವರಿಗೆ ಕೊಟ್ಟ ದಾನಕ್ಕೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಕರ್ನಾಟಕದಲ್ಲಿ ಇಂಥ ದಾನಪತ್ರಕ್ಕೆ ಮುದ್ರಾಂಕ ಶುಲ್ಕವೂ ಕ್ರಯಪತ್ರಕ್ಕಿಂತ ತೀರಾ ಕಡಿಮೆ. ನೇರವಾಗಿ ಅವಳ ಹೆಸರಿಗೇ ಕೊಂಡರೆ ಆ ಖರ್ಚೂ ಇಲ್ಲ. ‘ಹೆಸರು ಅವಳದು, ಮನೆ ಒಳಗೊಳಗೇ ನಮ್ಮದು’ ಅನ್ನೋ ಲೆಕ್ಕ ಮಾತ್ರ ಬೇಡ. ಅದಕ್ಕೆ ಬೇನಾಮಿ ಎಂದು ಹೆಸರು, 1988ರಿಂದ ಅದರ ಮೇಲೆ ಕಾಯ್ದೆಯೇ ಇದೆ.

ಇನ್ನು ನೀವು ಕೇಳದ ಒಂದು ವಿಷಯ. ಬಿಡುಗಡೆ ಪತ್ರದ ಮಾತನ್ನು ನೀವಾಗಿಯೇ ಬರೆದಿದ್ದೀರಿ. ಅದು ನಿಮ್ಮ ಮನಸ್ಸಿನಲ್ಲಿ ಕೊರೆಯುತ್ತಿದೆ ಎಂದು ನನಗನ್ನಿಸುತ್ತದೆ. ತಂದೆ ಉಯಿಲು ಬರೆಯದೆ ಹೋದರೆ ಅವರ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಆದರೂ ನಮ್ಮ ಕಡೆ ಹೆಣ್ಣುಮಕ್ಕಳು ‘ತವರು ಚೆನ್ನಾಗಿರಲಿ, ವರ್ಷಕ್ಕೊಂದು ಗೌರಿ ಬಾಗಿನ ಬಂದರೆ ಸಾಕು’ ಅಂತ ಸಹಿ ಹಾಕಿಬಿಡುತ್ತಾರೆ. ಆ ಸಹಿಯಿಂದ ಕಾಗದದ ಲೆಕ್ಕ ಮುಗಿದಿರಬಹುದು. ಅಂದು ಅವಳು ಬಿಟ್ಟದ್ದರಿಂದ ನಿಮ್ಮ ಕೈ ಗಟ್ಟಿಯಾಗಿದ್ದರೆ, ಇವತ್ತು ಕೊಡುವುದರಲ್ಲಿ ಅಷ್ಟು ಭಾಗ ಸಾಲ ತೀರಿಸಿದಂತೆ. ಅದಕ್ಕೆ ದಾನದ ಫಲ ಕೇಳುವ ಹಾಗಿಲ್ಲ. ಮೇಲಿನದು ದಾನ. ಎಷ್ಟು ಸಾಲ, ಎಷ್ಟು ದಾನ ಎಂದು ನಾನು ಹೇಳಲಾರೆ, ಪುರೋಹಿತರೂ ಹೇಳಲಾರರು. ಆದರೆ ಅವಳಿಗೆ ಕೊಡುವಾಗ ‘ನಿನಗೆ ನಾನು ಮಾಡಿದ್ದು’ ಎನ್ನುವ ಬದಲು ‘ಅಪ್ಪನ ಮನೆಯಲ್ಲಿ ನಿನ್ನದೂ ಇತ್ತು’ ಎಂದರೆ ಅವಳು ತಲೆತಗ್ಗಿಸದೆ ಬೀಗದ ಕೈ ತಗೊಳ್ಳುತ್ತಾಳೆ.

ಹಾಗಂತ ಮನೆಯವರ ಆತಂಕವನ್ನು ತಳ್ಳಿಹಾಕಬೇಡಿ. ತನ್ನ ಕುಟುಂಬಕ್ಕೆ ತೊಂದರೆಯಾಗದಷ್ಟನ್ನೇ ಕೊಡಬೇಕು ಎಂದೂ ಶಾಸ್ತ್ರ ಹೇಳಿದೆ. ಬ್ಯಾಂಕ್ ಸಾಲದ ಕಂತಿಗೆ ಮಕ್ಕಳ ಓದು ನಿಲ್ಲುವಂತಿದ್ದರೆ ಈಗ ಆಶ್ರಯವಷ್ಟೇ ಸಾಕು, ಪತ್ರ ನಿಮ್ಮ ಹೆಸರಿನಲ್ಲೇ ಇರಲಿ. ಅದನ್ನು ತಂಗಿಗೆ ಬಾಯಿಬಿಟ್ಟು ಹೇಳಿ. ಜೊತೆಗೆ ನಿಮ್ಮ ನಂತರ ಮನೆ ಅವಳಿಗೆ ಎಂದು ಉಯಿಲು ಬರೆದಿಡಿ. ಮುಂದೆ ನಿಮ್ಮ ಮಕ್ಕಳು ಅತ್ತೆಯನ್ನು ಖಾಲಿ ಮಾಡಿ ಅನ್ನುವ ದಿನ ಬರಬಾರದು.

ಪತ್ರ ಯಾರ ಹೆಸರಿಗೆ ಅನ್ನೋದು ತೀರ್ಮಾನವಾದ ಮೇಲೆ ಪುರೋಹಿತರಿಗೆ ತಿಳಿಸಿ. ತಂಗಿಯ ಹೆಸರಿಗೆ ಎಂದಾದರೆ ನೋಂದಣಿ ಮುಗಿಸಿಯೇ ಗೃಹಪ್ರವೇಶ ಇಟ್ಟುಕೊಳ್ಳಿ. ವೈಶಾಖಕ್ಕೆ ಆಗದಿದ್ದರೆ ಜ್ಯೇಷ್ಠದಲ್ಲೂ ಮುಹೂರ್ತ ಸಿಗುತ್ತವೆ, ಆಷಾಢಕ್ಕೆ ಹೋಗದಿದ್ದರಾಯಿತು.